ನಾನು ಬರೆದ ಅಕ್ಕ

ನನ್ನ ಕಾದಂಬರಿಯ ನಾಯಕಿ ಮೂರು ದಿನ ಜೆಸಿಬಿಯ ಮುಂದೆ ಕೂರುತ್ತಾಳೆ. ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಕೊನೆಗೆ ಯಂತ್ರವೇ ಹಿಂದಕ್ಕೆ ಹೋಗುತ್ತದೆ. ಓದಿದವರೆಲ್ಲ ಅವಳ ಧೈರ್ಯವನ್ನು ಹೊಗಳಿದರು. ಯಾರನ್ನು ನೋಡಿ ಬರೆದಿರಿ ಎಂದು ಕೇಳಿದರೆ, ನಮ್ಮಕ್ಕನನ್ನು ಎಂದು ಹೇಳುತ್ತಿದ್ದೆ. ಅಷ್ಟು ಮಾತ್ರ ನಿಜ.

ಕೆಂಗೇರಿಯ ಆಚೆ ನಮಗೆ ರಾಗಿ ಬೆಳೆಯುವ ಹೊಲವಿತ್ತು. ಅದರ ಮೂಲೆಯಲ್ಲಿ ಒಂದು ಶೀಟಿನ ಮನೆ. ಅಪ್ಪನ ಕಾಲದಿಂದ ನಮ್ಮ ಹೊಲದಲ್ಲಿ ದುಡಿದ ಗಂಡ ಹೆಂಡತಿ ಅಲ್ಲಿದ್ದರು. ಆ ಜಾಗ ಅವರಿಗೇ ಸೇರಬೇಕು ಎಂದು ಅಪ್ಪ ಸಾಯುವ ಮೊದಲು ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದ್ದರು. ಕಾಗದವೇನೂ ಇರಲಿಲ್ಲ. ಹೊಲವನ್ನು ಲೇಔಟ್ ಮಾಡಲು ಹೊರಟಾಗ ಅಣ್ಣನಿಗೆ ಆ ಮಾತು ಮರೆತುಹೋಯಿತು. ನನಗೂ ಮರೆತುಹೋಯಿತು. ಅಕ್ಕ ಮರೆಯಲಿಲ್ಲ.

“ಅವ್ರಿಗೆ ಆ ಜಾಗ ಬರ್ಕೊಡು, ನಾನು ಸೈನ್ ಹಾಕ್ತೀನಿ. ನಂಗೆ ಒಂದಡಿ ಕೂಡ ಬೇಡ,” ಅಂದಳು.

ಅಣ್ಣ ಶೀಟಿನ ಮನೆ ಕೆಡವಲು ಜೆಸಿಬಿ ತರಿಸಿದ. ಗಂಡ ತೀರಿಕೊಂಡ ಮೇಲೆ ಅಕ್ಕ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ರಜೆ ಹಾಕಿ ಬಂದು ಅದರ ಮುಂದೆ ಕೂತಳು. ಎರಡನೇ ದಿನ ಅಣ್ಣ ಅವಳ ರಟ್ಟೆ ಹಿಡಿದು ಎಳೆದು ಬಿಸಾಕಿದ. ಕಲ್ಲಿನ ಮೇಲೆ ಬಿದ್ದು ಎಡಗೈಯ ಎರಡು ಬೆರಳು ಮುರಿದವು. ಎದ್ದಳು, ಸೆರಗಿನಲ್ಲಿ ಕೈ ಸುತ್ತಿಕೊಂಡಳು, ಮತ್ತೆ ಅದೇ ಜಾಗದಲ್ಲಿ ಕೂತಳು. ಅದನ್ನು ನೋಡಿ ಡ್ರೈವರ್ ಗಾಡಿ ಆಫ್ ಮಾಡಿ ಇಳಿದುಬಿಟ್ಟ. ನಾನು ಹುಣಸೆಮರದ ನೆರಳಲ್ಲಿ ನಿಂತು ಮೊಬೈಲ್ ನೋಡುತ್ತಿದ್ದೆ. ಇದೆಲ್ಲ ಕಾದಂಬರಿಯಲ್ಲಿದೆ, ಮೊಬೈಲ್ ನೋಡುತ್ತಿದ್ದವನೊಬ್ಬನನ್ನು ಬಿಟ್ಟು.

ಮೂರನೇ ದಿನ ಅಣ್ಣ ನನ್ನನ್ನು ಕರೆದ. “ನಿನ್ ಮಾತು ಕೇಳ್ತಾಳೆ. ಹೋಗಿ ಏನಾದ್ರೂ ಹೇಳು.”

ಅಮ್ಮ ಸತ್ತಾಗ ನನಗೆ ಐದು ವರ್ಷ. ನನ್ನನ್ನು ಬೆಳೆಸಿದವಳು ಅಕ್ಕ. ಹೋಗಿ ಅವಳ ಪಕ್ಕ ಕೂತೆ. ಬೆರಳುಗಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

“ಅಣ್ಣ ಒಪ್ಕೊಂಡಿದಾನೆ ಅಕ್ಕ. ನೀನು ಸೈನ್ ಹಾಕು, ವಾರದಲ್ಲಿ ಅವ್ರಿಗೆ ಬರ್ಕೊಡ್ತಾನೆ.”

“ನಿಜವಾಗ್ಲೂ?”

“ಅಮ್ಮನಾಣೆ.”

ಅಣ್ಣ ಒಪ್ಪಿಲ್ಲವೆಂಬುದು ನನಗೆ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, ಎಬ್ಬಿಸು ಎಂಬಂತೆ ಬಲಗೈ ಚಾಚಿದಳು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದಳು. ಅಲ್ಲಿಂದ ನಾನೇ ಅವಳ ಕೈಗೆ ಪಟ್ಟಿ ಹಾಕಿಸಲು ಕರೆದುಕೊಂಡು ಹೋದೆ. ಆ ಬೆರಳುಗಳು ಸೊಟ್ಟಗೇ ಕೂಡಿಕೊಂಡವು. ವಾರದೊಳಗೆ ಶೀಟಿನ ಮನೆಯನ್ನು ಕೆಡವಿದರು. ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಎತ್ತಿಕೊಳ್ಳುವುದಕ್ಕೂ ಬಿಡಲಿಲ್ಲ.

ನನ್ನ ಪಾಲಿಗೆ ಬಂದ ಹಣದಲ್ಲಿ ಗೋವಿಂದರಾಜನಗರದಲ್ಲಿ ಮನೆ ಕಟ್ಟಿಸಿದೆ. ಅಲ್ಲಿ ಕೂತೇ ಕಾದಂಬರಿ ಬರೆದೆ. ಅಕ್ಕ ನನ್ನನ್ನು ಒಂದು ಸಲವೂ ಬಯ್ಯಲಿಲ್ಲ. ಹಬ್ಬಕ್ಕೆ ಹೋದರೆ ಎಲೆ ಹಾಕಿ ಬಡಿಸುತ್ತಿದ್ದಳು. ಅದನ್ನು ಕ್ಷಮೆ ಅಂದುಕೊಂಡಿದ್ದೆ.

ಹೋದ ವರ್ಷ ಅಕ್ಕನ ಮಗಳು ಫೋನ್ ಮಾಡಿದಳು. ಜಗಳದ ಕಾಲಕ್ಕೆ ಅವಳು ತೀರ ಚಿಕ್ಕವಳು. ಈಗ ಕಾಲೇಜಿನಲ್ಲಿ ಕನ್ನಡ ಓದುತ್ತಿದ್ದಳು.

“ಮಾವ, ಸೆಮಿನಾರ್‌ನಲ್ಲಿ ನಿಮ್ಮ ನಾಯಕಿ ಬಗ್ಗೇನೇ ಮಾತಾಡ್ತೀನಿ. ಅದು ಅಮ್ಮನೇ ಅಲ್ವಾ? ಕೇಳಿದ್ರೆ ಅಮ್ಮ ಏನೂ ಹೇಳ್ತಿಲ್ಲ. ಭಾನುವಾರ ಬನ್ನಿ.”

ಹೊಗಳಿಕೆ ಕೇಳುವ ಆಸೆಯಿಂದಲೇ ಮೂಡಲಪಾಳ್ಯದ ಅವರ ಬಾಡಿಗೆ ಮನೆಗೆ ಹೋದೆ. ಅಕ್ಕ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು.

“ಇವಳು ಸೈನ್ ಹಾಕಲ್ವಾ?” ಅಕ್ಕ ಕೇಳಿದಳು.

“ಇಲ್ಲಮ್ಮ. ಅದೇ ಅಲ್ವಾ ಅವಳ ಧೈರ್ಯ!”

“ಆಣೆ ಇಟ್ಟೋನು ಎಲ್ಲಿ ಇದ್ರಲ್ಲಿ?”

ಮಗಳು ನನ್ನತ್ತ ತಿರುಗಿದಳು. “ಯಾರು ಮಾವ, ಆಣೆ ಇಟ್ಟಿದ್ದು?”

“ನಿಮ್ಮ ದೊಡ್ಡ ಮಾವ,” ಅಂದೆ. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು.

ಅಕ್ಕ ತಲೆ ಎತ್ತಿದಳು. “ಸತ್ತೋನ ತಲೆಗೆ ಕಟ್ತೀಯೇನೋ?”

ಆಮೇಲೆ ಮಗಳಿಗೆ ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ, ಕಾಯಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ. ನನಗೆ ಗೊತ್ತಿಲ್ಲದ ಒಂದು ಸಂಗತಿಯೂ ಬಂತು.

“ಆ ಶೀಟಿನ ಮನೆಯಾಕೆ ಆಮೇಲೊಂದಿನ ಕೆಂಗೇರಿ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಲು. ‘ನೀನೂ ಮಾರ್ಕೊಂಡ್ಯಾ ತಾಯಿ’ ಅಂತ ಎಲ್ರೆದುರಿಗೂ ಮುಖಕ್ಕೆ ಉಗಿದ್ಲು. ಒರೆಸ್ಕೊಂಡು ಬಸ್ ಹತ್ತಿದೆ.”

“ತಮ್ಮ ಮೋಸ ಮಾಡ್ದ ಅಂತ ಹೇಳಬಾರದಿತ್ತಾ ಅಮ್ಮ?” ಮಗಳು ಅಳುತ್ತಿದ್ದಳು.

“ಯಾಕೆ ಹೇಳ್ಲಿ? ಸೈನ್ ಹಾಕಿದ್ದು ನಾನೇ ಅಲ್ವೇನೇ.”

ನಾಚಿಕೆಗಿಂತ ಮೊದಲು ನನ್ನ ತಲೆಗೆ ಬಂದದ್ದು ಇಷ್ಟೇ: ಇದು ಕಾದಂಬರಿಯಲ್ಲಿ ಇರಬೇಕಿತ್ತು. ಅಕ್ಕ ನನ್ನ ಮುಖ ನೋಡಿದಳು. ನನ್ನ ಐದನೇ ವಯಸ್ಸಿನಿಂದ ಅವಳು ಓದಿ ಬಲ್ಲ ಮುಖ.

“ಬರ್ಕೋ,” ಅಂದಳು. “ಅದನ್ನೂ ಬರ್ಕೋ.”

ಊಟಕ್ಕೆ ಏಳು ಎಂದು ಯಾರೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ.

ಸೆಮಿನಾರಿನಲ್ಲಿ ಅಕ್ಕನ ಮಗಳು ಏನು ಹೇಳಿದಳೆಂಬುದು ಅಲ್ಲಿನ ಪರಿಚಿತ ಅಧ್ಯಾಪಕರೊಬ್ಬರಿಂದ ತಿಳಿಯಿತು. ಈ ನಾಯಕಿಯ ಧೈರ್ಯಕ್ಕೆ ಬೆಲೆಯಿಲ್ಲ, ಏಕೆಂದರೆ ಲೇಖಕ ಅವಳನ್ನು ನಂಬಿಸಿ ಕತ್ತು ಕೊಯ್ಯುವವನನ್ನೇ ಕಥೆಯಿಂದ ತೆಗೆದುಹಾಕಿದ್ದಾನೆ ಅಂದಳಂತೆ. “ಭಾಳ ಶಾರ್ಪ್ ಹುಡುಗಿ ಸಾರ್,” ಅಂದರು ಅವರು.

ಈ ವರ್ಷ ಅವಳು ಓದುವ ರಾಜಾಜಿನಗರದ ಕಾಲೇಜೇ ನನ್ನನ್ನು ಅತಿಥಿಯಾಗಿ ಕರೆಯಿತು. ಗೇಟಿನಲ್ಲಿ ಸ್ವಾಗತಕ್ಕೆ ನಿಂತಿದ್ದ ವಿದ್ಯಾರ್ಥಿಗಳಲ್ಲಿ ಅವಳೂ ಇದ್ದಳು. ಹೂಗುಚ್ಛ ಕೊಟ್ಟಳು.

“ಬನ್ನಿ ಸಾರ್. ಸ್ಟೇಜ್ ಈ ಕಡೆ.”

ಜೊತೆಗಿದ್ದ ಪ್ರಿನ್ಸಿಪಾಲರು ಅವಳನ್ನು ಕೇಳಿದರು, “ಸಾರ್ ನಿನಗೆ ಪರಿಚಯಾನಾ ಅಮ್ಮ?”

“ಇಲ್ಲ ಮೇಡಂ. ಇವ್ರ ಪುಸ್ತಕ ಓದಿದೀನಿ ಅಷ್ಟೇ.”

ಪ್ರಿನ್ಸಿಪಾಲರು ನನ್ನತ್ತ ನೋಡಿ ನಕ್ಕರು. ನಾನೂ ಹೌದೆಂದು ತಲೆಯಾಡಿಸಿದೆ.