ಹುಣಸೆ ರಸದ ಕೋಸಂಬರಿ

ಬಣಕಲ್‌ನ ರಸ್ತೆ ಬದಿಯ ಹೋಟೆಲಿನಲ್ಲಿ ಊಟಕ್ಕೆ ಕೂತವಳು ಎಂದಿನಂತೆ ಮೊದಲೇ ಹೇಳಿಬಿಟ್ಟೆ: ನನಗೆ ಹೂವಿನ ಪರಾಗದ ಅಲರ್ಜಿ, ಅದರಿಂದಾಗಿ ಹಸಿ ಕ್ಯಾರೆಟ್ ತಿಂದರೂ ಗಂಟಲು ತುರಿಸಿ ಊದಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಇದನ್ನು ಕೇಳಿದವರು ನಗುತ್ತಾರೆ. ಹೋಟೆಲ್ ನಡೆಸುವ ಸಾವಿತ್ರಮ್ಮ ನಗಲಿಲ್ಲ.

"ಗೊತ್ತಾಯ್ತು ಬಿಡಿ. ನಮ್ಮ ಕೆಸುವಿನ ಸೊಪ್ಪೂ ಹಾಗೇ ಅಲ್ವಾ?" ಎಂದು ಒಳಗೆ ಹೋದರು.

ಇಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ಕಂಡಿರಲಿಲ್ಲ. ಆದರೆ ಬಟ್ಟಲಲ್ಲಿ ಬಂದದ್ದು ಹಸಿ ಕ್ಯಾರೆಟ್ ಕೋಸಂಬರಿಯೇ, ಅದರ ಮೇಲೆ ಧಾರಾಳವಾಗಿ ಹುಣಸೆ ರಸ.

"ಹುಳಿ ಜಾಸ್ತಿಯೇ ಹಿಂಡಿದೀನಿ. ಇನ್ನು ತುರಿಸಲ್ಲ, ತಿನ್ನಿ."

ಕೆಸುವಿನ ತುರಿಕೆ ಹುಳಿಗೆ ಹೋಗುತ್ತದೆ. ನನ್ನ ಅಲರ್ಜಿಗೆ ಬೆಂಕಿಯೇ ಬೇಕು; ಬೆಂದ ಕ್ಯಾರೆಟ್ ನನಗೇನೂ ಮಾಡುವುದಿಲ್ಲ. ಅಷ್ಟು ಅಕ್ಕರೆಯಿಂದ ತಂದಿಟ್ಟದ್ದನ್ನು ಬೇಡ ಎನ್ನಲು ಬಾಯಿ ಬರಲಿಲ್ಲ. ಚಮಚ ಎತ್ತಿದವಳು ಕೆಳಗಿಟ್ಟು, "ಇದನ್ನು ಬೇಯಿಸಲೇಬೇಕು ಅಮ್ಮ," ಎಂದೆ.

ಅವರು ಬಟ್ಟಲು ಒಯ್ದು, ಬಾಣಲೆಗೆ ಹಾಕಿ, ಚೆನ್ನಾಗಿ ಬೇಯಿಸಿ ತಂದರು. "ನಿಮ್ಮ ಕ್ಯಾರೆಟ್‌ಗಿಂತ ನಮ್ಮ ಕೆಸುವೇ ವಾಸಿ ಮಾರಾಯ್ತಿ."

ಬೇರೆ ಗಿರಾಕಿಗಳು ಕರೆಯುತ್ತಿದ್ದರೂ ಅಲ್ಲೇ ನಿಂತರು. ನಾನು ಮೊದಲ ತುತ್ತು ನುಂಗಿ ತಲೆಯಾಡಿಸಿದ ಮೇಲೆಯೇ, ತಮ್ಮ ಗಂಟಲ ಮೇಲಿಟ್ಟುಕೊಂಡಿದ್ದ ಕೈಯನ್ನು ಕೆಳಗಿಳಿಸಿದರು.