ಸತ್ತವೆಂದು ಬರೆದ ಹುಳುಗಳು

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಆಕೆಯನ್ನು ಹುಳದಮ್ಮ ಎಂದೇ ಕರೆಯುತ್ತಿದ್ದರು. ಬೆಳೆ ತಿನ್ನುವ ಹುಳುಗಳಿಗೆ ಔಷಧ ಕಂಡುಹಿಡಿಯಬೇಕಾದರೆ ಮೊದಲು ಯಾರಾದರೂ ಅವನ್ನು ಸಾಕಬೇಕಲ್ಲ! ಇಪ್ಪತ್ತೆರಡು ವರ್ಷಗಳಿಂದ ಆ ಕೆಲಸ ಆಕೆಯದು. ಹರಳು ಗಿಡದ ಎಲೆ ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಡಬ್ಬಿ ಡಬ್ಬಿಗೂ ಹಾಕಬೇಕು, ಹಿಕ್ಕೆ ಗುಡಿಸಬೇಕು. “ನನ್ನ ಮಕ್ಕಳೂ ಇಷ್ಟು ಹೊತ್ತುಹೊತ್ತಿಗೆ ಉಂಡಿಲ್ಲ” ಎಂದು ನಗುತ್ತಿದ್ದಳು.

ಆ ಸೋಮವಾರ ಮಾತ್ರ ನಗಲಿಲ್ಲ.

ಹೊಸದಾಗಿ ಬಂದ ಯುವ ವಿಜ್ಞಾನಿ ಬೇವಿನೆಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನ್ಯಾನೊ ದ್ರಾವಣ ಮಾಡಿದ್ದ. ಅದನ್ನು ಸವರಿದ ಎಲೆ ತಿಂದ ನೂರು ಹುಳುಗಳನ್ನು ಕುಂಚದ ತುದಿಯಿಂದ ಮುಟ್ಟಿ, ಅಲುಗದವನ್ನೆಲ್ಲ ಸತ್ತವೆಂದು ಬರೆದುಕೊಂಡಿದ್ದ. ತೊಂಬತ್ತೊಂದು!

ಹುಳದಮ್ಮ ಬಗ್ಗಿ ನೋಡಿದಳು. ಎಷ್ಟೋ ಹುಳುಗಳು ತಲೆಯೆತ್ತಿ, ಕಾಲೂರಿ, ಮೈ ಬಿಗಿಹಿಡಿದು ಕೂತಿದ್ದವು.

“ಸಾರ್, ಇವೆಲ್ಲ ಸತ್ತಿಲ್ಲ. ಪೊರೆ ಬಿಡೋಕೆ ಕೂತಿವೆ. ಈಗ ಮುಟ್ಟಿದ್ರೂ ಅಲುಗಲ್ಲ. ಬೇವಿನ ಕೆಲಸ ಗೊತ್ತಾಗೋದೇ ಆಗ. ಪೊರೇಲಿ ಸಿಕ್ಕಿಕೊಂಡದ್ದು ಸಾಯುತ್ತೆ, ಬಿಡಿಸ್ಕೊಂಡದ್ದು ಬದುಕುತ್ತೆ. ಒಂದು ದಿನ ತಡೀರಿ.”

“ನಾಳೆ ಸಭೆ ಇದೆಯಮ್ಮಾ. ನೀವು ಎಲೆ ಹಾಕಿ, ಎಣಿಸೋದು ನನಗೆ ಬಿಡಿ. ಆ ಡಬ್ಬಿಗಳನ್ನ ತೊಳೆದಿಡಿ.”

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೆ. ನೀವು ಸಾಯೋ ಮುಂಚೆನೇ ಗುಂಡಿ ತೋಡ್ತೀರಲ್ಲ!”

ಅವನು ಆಗಲೇ ಬಾಗಿಲು ದಾಟಿದ್ದ.

ಆಕೆಗೆ ಮೈಯೆಲ್ಲ ಉರಿಯಿತು. ಈ ವಾರವೇ ಆ ದ್ರಾವಣ ಪ್ರಯೋಗಕ್ಕೆಂದು ಹತ್ತು ಹೊಲಗಳಿಗೆ ಹೋಗಲಿತ್ತು. ಅದರಲ್ಲೊಂದು ಆಕೆಯ ತಮ್ಮನ ಎಲೆಕೋಸಿನ ಹೊಲ. “ಅಕ್ಕಾ, ಒಂದೇ ಸಲ ಹೊಡೆದ್ರೆ ಸಾಕಂತೆ, ಬೇರೇನೂ ಹೊಡೀಬಾರದಂತೆ” ಎಂದು ಅವನು ನಿನ್ನೆಯಷ್ಟೇ ಹಿಗ್ಗಿದ್ದ.

ಆಕೆ ಡಬ್ಬಿ ತೊಳೆಯಲಿಲ್ಲ. ಹೊಸ ಎಲೆ ಹಾಕಿ ಮುಚ್ಚಳ ಒತ್ತಿದಳು.

ಮರುದಿನ ಆ ಡಬ್ಬಿಗಳ ಟ್ರೇಗಳನ್ನು ಒಂದರ ಮೇಲೊಂದು ಹೊತ್ತು, ಮೊಣಕೈಯಿಂದಲೇ ಸಭೆಯ ಬಾಗಿಲು ನೂಕಿದಳು.

“ಏನಮ್ಮಾ ಇದು?” ನಿರ್ದೇಶಕಿ ಕನ್ನಡಕ ಸರಿಮಾಡಿಕೊಂಡರು.

“ನಿನ್ನೆ ಸತ್ತೋರು ಇವತ್ತು ಊಟಕ್ಕೆ ಕೂತಿದ್ದಾರೆ ಮೇಡಂ. ತೋರಿಸೋಣ ಅಂತ ಬಂದೆ.”

ಯಾರೋ ಕಿಸಕ್ಕೆಂದರು. ಆಕೆ ತಿರುಗಿ ನೋಡಿದ ನೋಟಕ್ಕೆ ಆ ನಗು ಅಲ್ಲೇ ಒಣಗಿತು. ನಿರ್ದೇಶಕಿ ತಾವೇ ಎದ್ದು ಬಂದು ಒಂದೊಂದೇ ಮುಚ್ಚಳ ತೆರೆದರು. ಹಲವು ಡಬ್ಬಿಗಳಲ್ಲಿ ಕಳಚಿದ ಪೊರೆ ಮೂಲೆಗೆ ಬಿದ್ದಿತ್ತು, ಎಲೆ ಜರಡಿಯಾಗಿತ್ತು. ನಿಜವಾಗಿ ಸತ್ತದ್ದು ಐವತ್ತೆಂಟು. ಹೊಲಗಳಿಗೆ ಹೊರಟಿದ್ದ ಕ್ಯಾನುಗಳನ್ನು ತಡೆಯಲು ಅಲ್ಲೇ ಹೇಳಿದರು.

ಆಕೆ ಹೊರಬಂದಾಗ ಯುವ ವಿಜ್ಞಾನಿ ಮೊಗಸಾಲೆಯಲ್ಲಿ ಅಡ್ಡ ನಿಂತ. “ಎಲ್ಲರ ಮುಂದೆ ನನ್ನ ಮಾನ ತೆಗೆದಿರಲ್ಲ!”

“ನಿಮ್ಮ ಔಷಧದ ಮಾನ ಉಳಿಸಿದೆ. ಐವತ್ತೆಂಟೇನು ಕಮ್ಮಿಯೇ? ಹಾಗಂತ ಹೇಳಿದ್ರೆ ನನ್ನ ತಮ್ಮ ಎರಡು ಸಲ ಹೊಡೀತಿದ್ದ. ನಿಮ್ಮ ತೊಂಬತ್ತೊಂದು ನಂಬಿ ಸುಮ್ನೆ ಕೂತಿದ್ರೆ, ಅವನ ಕೋಸು ಇವುಗಳ ಹೊಟ್ಟೇಲಿರ್ತಿತ್ತು!”

ಆಕೆ ಎಲೆಯ ಬುಟ್ಟಿಯನ್ನು ಅವನ ಎದೆಗೇ ಒತ್ತಿದಳು.

“ಹಿಡೀರಿ. ಒಂದು ವಾರ ನೀವೇ ಉಣಿಸಿ. ಆಮೇಲೆ ಎಣಿಸಿ.”