ನೂರಮೂವತ್ತಮೂರರ ಓಟ

ನನ್ನ ತಮ್ಮ ಷಡಕ್ಷರಿಗೆ ಎಲ್ಲಿ ಕೂತರೆ ಅಲ್ಲೇ ನಿದ್ದೆ ಬರುತ್ತಿದ್ದ ಒಂದು ಕಾಲವಿತ್ತು. ಉಣ್ಣಲು ಕೂತವನು ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಿದ್ದ. ನೋಡಿದವರು ಕುಡಿದು ಬಂದಿದ್ದಾನೆ ಅಂದುಕೊಳ್ಳುತ್ತಿದ್ದರು. ಕಾಫಿ ಬಿಟ್ಟರೆ ಬೇರೇನೂ ಮುಟ್ಟದವನು ಅವನು. ಅವನ ನಿದ್ದೆ ತಿಂದದ್ದು ನಮ್ಮ ಅಂಗಡಿಯ ಕಂಪ್ಯೂಟರು. ಆ ಕಂಪ್ಯೂಟರಿಗೆ ಅಷ್ಟು ಹಸಿವು ಹುಟ್ಟಿಸಿದವನೂ ಅವನೇ.

ನಮ್ಮದು ತುಮಕೂರಿನ ಅಶೋಕ ರಸ್ತೆಯ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲೆ, ಮದುವೆ ವಿಡಿಯೋ ಮಿಕ್ಸಿಂಗ್ ಅಂಗಡಿ. ಯಜಮಾನ ನನ್ನ ಗಂಡ ನಾಗಭೂಷಣ್. ಗುಬ್ಬಿ, ಕುಣಿಗಲ್, ಬೆಳ್ಳಾವಿ, ಊರ್ಡಿಗೆರೆ ಕಡೆಯ ವಿಡಿಯೋದವರು ಕ್ಯಾಸೆಟ್ ತಂದು ಸುರಿಯುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಹಾಡು ಸೇರಿಸಿ, ಧಾರೆ ಎರೆಯುವಾಗ ಪರದೆಯ ನಾಲ್ಕೂ ಮೂಲೆಯಿಂದ ಗುಲಾಬಿ ಉದುರಿಸಿ, ಸಿ.ಡಿ. ಮಾಡಿ ಕೊಡಬೇಕು. ವಧೂವರರ ಹೆಸರು ಟೈಪ್ ಮಾಡುವುದು ನನ್ನ ಕೆಲಸ. ಉಳಿದದ್ದೆಲ್ಲ ಷಡಕ್ಷರಿಯದು. ದುಡಿಮೆ ಅವನದು, ಬೋರ್ಡು ನಮ್ಮದು.

ಅವನ ಮನೆ ಗುಬ್ಬಿಯಲ್ಲಿ. ಹೆಂಡತಿ ಮಾನಸಾ, ನಮ್ಮಮ್ಮ ಇಬ್ಬರೂ ಅಲ್ಲೇ. ಐ.ಟಿ.ಐ. ಮುಗಿಸಿ ರೇಡಿಯೋ, ಟಿ.ವಿ. ರಿಪೇರಿ ಮಾಡಿಕೊಂಡಿದ್ದವನನ್ನು ಕರೆತಂದು ಕೂರಿಸಿದ್ದು ನನ್ನ ಗಂಡ. ಮೊದಲಿನ ದಿನಗಳಲ್ಲಿ ಅವನ ಬದುಕು ಚೆನ್ನಾಗಿಯೇ ಇತ್ತು. ಹಗಲೆಲ್ಲ ಒಂದು ಮದುವೆ ಕತ್ತರಿಸಿ ಜೋಡಿಸುತ್ತಿದ್ದ. ಸಂಜೆ ಅದನ್ನು ರೆಂಡರ್‌ಗೆ ಹಾಕುತ್ತಿದ್ದ. ಅಂದರೆ, ಜೋಡಿಸಿದ್ದನ್ನೆಲ್ಲ ಕಂಪ್ಯೂಟರು ಒಂದೇ ಸಿನಿಮಾ ಮಾಡಿ ಕೊಡುವ ಕೆಲಸ. ಅದಕ್ಕೆ ರಾತ್ರಿಯೆಲ್ಲ ಬೇಕಿತ್ತು, ಮನುಷ್ಯರು ಬೇಕಿರಲಿಲ್ಲ. ಇವನು ಆರೂವರೆ ಬಸ್ಸು ಹತ್ತಿ ಗುಬ್ಬಿಗೆ ಹೋಗಿ ಬಿಸಿ ಊಟ ಮಾಡಿ ಮಲಗುತ್ತಿದ್ದ. ಬೆಳಿಗ್ಗೆ ಬರುವ ಹೊತ್ತಿಗೆ ಸಿನಿಮಾ ಸಿದ್ಧವಾಗಿರುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ಮುಹೂರ್ತಗಳು ಒಂದರ ಮೇಲೊಂದು ಬಿದ್ದವು. ನನ್ನ ಗಂಡನಿಗೆ ಇನ್ನೊಂದು ಕಂಪ್ಯೂಟರು ಬೇಕು ಅನ್ನಿಸಿತು, ಕೊಳ್ಳಲು ಕೈಯಲ್ಲಿ ದುಡ್ಡಿರಲಿಲ್ಲ. ಮನೆಯಲ್ಲಿ ದಿನಾ ಅದೇ ಗೊಣಗಾಟ. ನನ್ನ ಮುಖ ಸಪ್ಪಗಿರುವುದನ್ನು ಷಡಕ್ಷರಿ ನೋಡಿದ.

"ಹೊಸದು ಬ್ಯಾಡ ಭಾವ, ಇರೋದನ್ನೇ ಓಡ್ಸಾನ," ಅಂದ.

ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಚೂರು ಪ್ರೊಸೆಸರ್. ಅದು ಎಷ್ಟು ಜೋರಾಗಿ ಓಡಬೇಕು ಅಂತ ಕಾರ್ಖಾನೆಯವರು ಗೊತ್ತುಮಾಡಿ ಕಳಿಸಿರುತ್ತಾರೆ. ಅದಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರಂತೆ. ಕಂಪ್ಯೂಟರು ಶುರುವಾಗುವಾಗ ಡಿಲೀಟ್ ಕೀ ಒತ್ತುತ್ತಾ ಇದ್ದರೆ ಒಂದು ನೀಲಿ ಪರದೆ ಬರುತ್ತೆ. ಅಲ್ಲಿ ನೂರು ಅಂತ ಒಂದು ಅಂಕಿ. ಅದನ್ನು ಏರಿಸಿದರೆ ಓಟ ಏರುತ್ತೆ. ಏರಿಸುವುದು ಮಕ್ಕಳಿಗೂ ಬರುತ್ತೆ, ಸುಡದ ಹಾಗೆ, ತಪ್ಪು ಲೆಕ್ಕ ಮಾಡದ ಹಾಗೆ ಏರಿಸುವುದೇ ಕೆಲಸ ಅಂತ ಷಡಕ್ಷರಿ ಹೇಳುತ್ತಿದ್ದ.

ಅವನು ಆ ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಬಾಣಂತಿಗೆ ಕೂಡ ಯಾರೂ ಅಷ್ಟು ಆರೈಕೆ ಮಾಡಿರಲಿಕ್ಕಿಲ್ಲ. ಮೊದಲು ಜನರ ಮದುವೆಗಳಿದ್ದ ಹಾರ್ಡ್ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಟ್ಟ. ಯಾವುದೋ ಹಳೆಯ ಖಾಲಿ ಡಿಸ್ಕು ಹಾಕಿದ. ಹಾಳಾದರೆ ಅದು ಹಾಳಾಗಲಿ ಅಂತ. ಪ್ರೊಸೆಸರ್ ಮೇಲಿನ ಫ್ಯಾನು ತೆಗೆದರೆ ಒಳಗೆಲ್ಲ ಬೂದಿ. ಪ್ರತಿ ಶುಕ್ರವಾರ ಕಂಪ್ಯೂಟರಿಗೆ ಕುಂಕುಮ ಇಟ್ಟು, ಊದುಬತ್ತಿಯನ್ನು ಸರಿಯಾಗಿ ಅದು ಗಾಳಿ ಎಳೆಯುವ ಕಿಂಡಿಯ ಮುಂದೆಯೇ ಸಿಕ್ಕಿಸುತ್ತಿದ್ದವರು ನನ್ನ ಗಂಡ.

"ದೇವ್ರಿಗೆ ಹಚ್ಚಿ ಭಾವ, ಇದಕ್ಕೆ ಉಬ್ಬಸ ಬರ್ತದೆ," ಅಂತ ನಗುತ್ತಾ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಬೂದಿ ಕಳೆದ. ಪ್ರೊಸೆಸರಿಗೆ ಬಿಸಿ ಎಳೆಯುವ ಬಿಳಿ ಪೇಸ್ಟನ್ನು ತೆಳ್ಳಗೆ ಸವರಿದ. ಕಂಪ್ಯೂಟರಿನ ಡಬ್ಬಿಗೆ ಇನ್ನೊಂದು ಫ್ಯಾನು ಕೂರಿಸಿದ.

ಆಮೇಲೆ ಅಂಕಿ ಏರಿಸುವುದು, ಸುಮ್ಮನೆ ಕಷ್ಟದ ಲೆಕ್ಕ ಕೊಟ್ಟು ಗಂಟೆಗಟ್ಟಲೆ ಓಡಿಸುವುದು, ಬಿಸಿ ಎಷ್ಟಾಯಿತು ಅಂತ ನೋಡುವುದು. ತಣ್ಣನೆಯ ಬೆಳಗಿನಲ್ಲಿ ಓಡಿದ್ದನ್ನು ಅವನು ನಂಬುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ, ನಡುಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ, ತಾನೂ ಒಳಗೆ ಬೆವರುತ್ತಾ ಕೂತು ಓಡಿಸಿದ. ನೀಲಿ ಪರದೆಯ ಮುಂದೆ ಕೀ ಒತ್ತಲು ನನ್ನನ್ನು ಕೂರಿಸಿ, ತಾನು ಡಬ್ಬಿಯ ಪಕ್ಕ ಫ್ಯಾನಿನ ಸದ್ದು ಕೇಳುತ್ತಿದ್ದ. ನೂರೈವತ್ತಕ್ಕೆ ಏರಿಸಿದಾಗ ಸ್ವಲ್ಪ ಹೊತ್ತು ಓಡಿ, ಲೆಕ್ಕ ತಪ್ಪಿ ನಿಂತಿತು. ನಾನು ಹೆದರಿದೆ, ಅವನಿಗೆ ಖುಷಿಯಾಯಿತು.

"ಎಲ್ಲಿ ಸೋಲ್ತದೆ ಅಂತ ಗೊತ್ತಾತಲ್ಲ ಅಕ್ಕ. ಇನ್ನು ಅದರ ಹತ್ರಕ್ಕೂ ಹೋಗಬಾರ್ದು. ಕೆಳಗೇ ನಿಂತ್ಕಂಡ್ರೆ ವರ್ಷಗಟ್ಲೆ ಓಡ್ತದೆ." ನೂರಮೂವತ್ತಮೂರಕ್ಕೆ ಇಳಿಸಿ, ಒಂದು ಇಡೀ ವಾರ ಪರೀಕ್ಷೆ ಮಾಡಿ, ಆಮೇಲೆ ಮದುವೆಗಳ ಡಿಸ್ಕನ್ನು ವಾಪಸ್ ಹಾಕಿದ. ಕರೆಂಟಿನ ಒತ್ತಡ ಹೆಚ್ಚಿಸಿ ಇನ್ನೂ ಏರಿಸಬಹುದಂತೆ. ಅದಕ್ಕೆ ಮಾತ್ರ ಅವನು ಕೈ ಹಾಕಲೇ ಇಲ್ಲ.

ಸಂಜೆ ಆರಕ್ಕೆ ಹಾಕಿದ್ದು ಬೆಳಗಿನ ಜಾವ ಮೂರಕ್ಕೇ ಮುಗಿಯತೊಡಗಿತು. ಇಷ್ಟಕ್ಕೆ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ನನ್ನ ಗಂಡನಿಗೆ ಖಾಲಿ ಕೂತ ಯಂತ್ರ ಕಂಡರೆ ಹೊಟ್ಟೆಯುರಿ.

"ಮೂರು ಗಂಟೆಯಿಂದ ಸುಮ್ನೆ ಕೂತಿರ್ತದಲ್ಲೋ. ಆಗ ಇನ್ನೊಂದು ಹಾಕುದ್ರೆ ಮಧ್ಯಾಹ್ನಕ್ಕೆ ಬರಲ್ವಾ?" ಅಂದರು.

ಡಿಸ್ಕಿನಲ್ಲಿ ಎರಡು ಸಿನಿಮಾಕ್ಕೆ ಜಾಗವಿರಲಿಲ್ಲ. ಮೊದಲನೆಯದನ್ನು ಸಿ.ಡಿ.ಗೆ ಇಳಿಸಿ, ಅಳಿಸಿ, ಆಮೇಲೆ ಎರಡನೆಯದನ್ನು ಹಾಕಬೇಕು. ಅಂದರೆ ಮೂರು ಗಂಟೆಗೆ ಅಲ್ಲಿ ಒಬ್ಬ ಮನುಷ್ಯ ಎದ್ದಿರಬೇಕು. ಆ ಮನುಷ್ಯ ಯಾರು ಅಂತ ಯಾರೂ ಕೇಳಲಿಲ್ಲ. ಷಡಕ್ಷರಿ ಚಾಪೆ ತಂದು ಕಂಪ್ಯೂಟರಿನ ಪಕ್ಕ ಹಾಸಿಕೊಂಡ.

ಹೀಗೆ ಅವನ ಆರೂವರೆ ಬಸ್ಸು ತಪ್ಪಿತು. ಒಂದು ದಿನವಲ್ಲ, ಆ ಬೇಸಿಗೆ ಪೂರ್ತಿ. ಮಾನಸಾ ಫೋನ್ ಮಾಡಿ, "ಅತ್ತಿಗೆ, ಇವತ್ತಾದ್ರೂ ಬರ್ತಾರಾ?" ಅನ್ನುತ್ತಿದ್ದಳು. ನಾನು ನೋಡೋಣಮ್ಮ ಅನ್ನುತ್ತಿದ್ದೆ. ತಡೆಯಲಾರದೆ ಒಂದು ದಿನ ತಮ್ಮನನ್ನೇ ಬೈದೆ.

"ಆಗಲ್ಲ ಅನ್ನಕ್ಕೆ ನಿಂಗೆ ಬಾಯಿಲ್ವೇನ್ಲಾ?"

"ಬುಡಕ್ಕ. ನಾನು ಆಗಲ್ಲ ಅಂದ್ರೆ ಭಾವ ನಂಗೇನೂ ಅನ್ನಲ್ಲ. ಮನೇಲಿ ನಿಂಗಂತಾರೆ," ಅಂದ.

ನಮ್ಮಲ್ಲಿ ಹಾಗೆಯೇ. ಹೆಣ್ಣು ಕೊಟ್ಟ ಮನೆಯ ಗಂಡಸು ಭಾವನಿಗೆ ಎದುರಾಡುವುದಿಲ್ಲ. ಎದುರಾಡಿದರೆ ಆ ಮಾತು ಸುತ್ತಿಕೊಂಡು ಬಂದು ಕೊಟ್ಟ ಹೆಣ್ಣಿನ ಮೇಲೇ ಬೀಳುತ್ತೆ. ಅಪ್ಪ ಇದ್ದಾಗ ಅಪ್ಪ ತಲೆ ಬಗ್ಗಿಸಿದ್ದರು, ಈಗ ಇವನು. ನನ್ನ ಸಂಸಾರ ಬೆಚ್ಚಗಿರಲಿ ಅಂತ ಇವನು ಚಾಪೆಯ ಮೇಲೆ ಬಿದ್ದಿದ್ದ. ನನಗೆ ಆ ಬೆಚ್ಚಗಿನ ಸಂಸಾರದ ಮೇಲೇ ಸಿಟ್ಟು ಬಂತು.

ಒಂದು ದಿನ ಬೆಳಗಿನ ಜಾವ ಎರಡನೆಯದನ್ನು ಹಾಕಿ, ಹೆಂಡತಿಯ ಮುಖವನ್ನಾದರೂ ನೋಡಿ ಬರೋಣ ಅಂತ ಅಂಗಡಿಯ ಮೊಪೆಡ್ ಹತ್ತಿದ. ಗುಬ್ಬಿ ದಾರಿಯಲ್ಲಿ ಮಲ್ಲಸಂದ್ರ ದಾಟಿದ ಮೇಲೆ ನಿದ್ದೆ ಹತ್ತಿತು. ಗಾಡಿ ಸೀದಾ ರಸ್ತೆ ಬಿಟ್ಟು ಚರಂಡಿಗೆ. ಹಾಲು ಕೊಂಡೊಯ್ಯುತ್ತಿದ್ದ ಕಾಳಯ್ಯ ಅನ್ನುವವರು ನೋಡಿ ಎಬ್ಬಿಸಿ ಕೂರಿಸಿದರಂತೆ. ಹಣೆಗೆ ಹೊಲಿಗೆ, ಎಡಗೈ ಊತ. ಹಿಂದೆಯೇ ಒಂದು ಲಾರಿ ಹೋಯಿತಂತೆ. ರಸ್ತೆಯ ಆ ಕಡೆಗೆ ಬೀಳುವ ಬದಲು ಈ ಕಡೆಗೆ ಬಿದ್ದಿದ್ದ, ಅಷ್ಟೇ ಪುಣ್ಯ.

ನನ್ನ ಗಂಡ ಆಸ್ಪತ್ರೆಗೆ ಓಡಿದರು, ಎಳನೀರು ತಂದರು, ನಿಜವಾಗಿಯೂ ಗಾಬರಿಯಾಗಿದ್ದರು. ಕೆಟ್ಟವರಲ್ಲ ಅವರು. ಆದರೆ ವಾಪಸ್ ಬರುವಾಗ ಆಟೋದಲ್ಲಿ, "ನಾಳೆ ಒಂದಿನ ಮಲಗ್ಲಿ. ನಾಡಿದ್ದು ಕುಣಿಗಲ್ ಪಾರ್ಟಿ ಬರ್ತದೆ," ಅಂದರು.

ಮಾರನೆಯ ದಿನ ಅಂಗಡಿಯಲ್ಲಿ ನಾನೊಬ್ಬಳೇ. ಹೆಸರು ಟೈಪ್ ಮಾಡಬೇಕಿತ್ತು. ಕಂಪ್ಯೂಟರು ಆನ್ ಮಾಡಿದೆ. ಫ್ಯಾನುಗಳು ತಿರುಗಿದವು. ಈ ಡಬ್ಬಿಗೆ ಎರಡೆರಡು ಫ್ಯಾನು, ಬಿಸಿ ನೋಡಲು ಒಂದು ಕಣ್ಣು, ಸೋಲುವುದಕ್ಕೆ ಎಷ್ಟೋ ಮೊದಲೇ ನಿಲ್ಲಿಸುವ ಬುದ್ಧಿ. ಇಷ್ಟೆಲ್ಲ ಇದಕ್ಕೆ ಕೊಟ್ಟವನ ಹಣೆಗೆ ಹೊಲಿಗೆ. ಅಂಗಡಿಯಲ್ಲೇ ಕೂತು ಅತ್ತೆ. ಅತ್ತು ಮುಗಿದ ಮೇಲೆ ಮತ್ತೆ ಆಫ್ ಮಾಡಿ, ಆನ್ ಮಾಡಿ, ಡಿಲೀಟ್ ಕೀ ಒತ್ತಿದೆ. ನೀಲಿ ಪರದೆ ಬಂತು. ನೂರಮೂವತ್ತಮೂರು ಇದ್ದಲ್ಲಿ ನೂರು ಹಾಕಿದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹೆಸರು ಟೈಪ್ ಮಾಡಿದೆ.

ಕುಣಿಗಲ್ ಪಾರ್ಟಿಯ ಮದುವೆ ಜೋಡಿಸಲು ಷಡಕ್ಷರಿ ಅಂಗಡಿಗೆ ಬಂದ, ತಲೆಗೆ ಪಟ್ಟಿ ಕಟ್ಟಿಕೊಂಡೇ. ಸಂಜೆ ರೆಂಡರ್‌ಗೆ ಹಾಕಿದ. ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಪರದೆಯಲ್ಲಿ ತೋರಿಸುತ್ತದಲ್ಲ, ಅದು ಮೂರರ ಬದಲು ಬೆಳಗಿನ ಆರು ಗಂಟೆ ತೋರಿಸಿತು. ಅವನಿಗೆ ಅನುಮಾನ ಬಂದು, ನಿಲ್ಲಿಸಿ ಮತ್ತೆ ಆನ್ ಮಾಡಿದ. ಶುರುವಿನಲ್ಲಿ ಮೂಡಿದ ಅಂಕಿ ಕಂಡು ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಲಿಲ್ಲ. ಒಂದು ನಿಮಿಷದಲ್ಲಿ ಮತ್ತೆ ಏರಿಸಬಹುದಿತ್ತು ಅವನು. ಏರಿಸಲಿಲ್ಲ. ಹಾಗೆಯೇ ರೆಂಡರ್‌ಗೆ ಹಾಕಿ ಕೈ ಮಡಿಲಲ್ಲಿಟ್ಟುಕೊಂಡು ಕೂತ.

ನನ್ನ ಗಂಡ ಹಿಂದೆ ಬಂದು ನಿಂತರು. "ಏನ್ಲಾ ಇದು, ಆರು ಗಂಟೆ ತೋರಿಸ್ತದೆ?"

"ಬಿಸಿಲು ಜಾಸ್ತಿ ಭಾವ. ಇನ್ಮೇಲೆ ಇಷ್ಟೇ ಹೋಗದು."

"ಬಿಸಿಲಿಗೂ ತಡೀಬೇಕು ಅಂತ ತಾನೆ ಬಾಗ್ಲು ಮುಚ್ಕಂಡು ಟೆಸ್ಟ್ ಮಾಡಿದ್ದು? ವರ್ಷಗಟ್ಲೆ ಓಡ್ತದೆ ಅಂದೆ. ಅರ್ಧಂಬರ್ಧ ಕೆಲ್ಸ ಕಲ್ತು ನನ್ ಮಿಷನ್ ಹಾಳು ಮಾಡಿದ್ಯಾ?"

ಷಡಕ್ಷರಿಯ ಜೀವಮಾನದಲ್ಲೇ ಅಷ್ಟು ನೇರ್ಪಾಗಿ ಮಾಡಿದ ಇನ್ನೊಂದು ಕೆಲಸವಿರಲಿಲ್ಲ. ಅದನ್ನು ಅರ್ಧಂಬರ್ಧ ಅನ್ನಿಸಿಕೊಂಡು, ಅದನ್ನೂ ನನಗಾಗಿ ನುಂಗಿಕೊಂಡು, ತಲೆ ಬಗ್ಗಿಸಿ ಕೂತಿದ್ದ.

"ಅವನು ಸರಿಯಾಗೇ ಮಾಡಿದಾನೆ ಕಣ್ರೀ. ಇಳ್ಸಿದ್ದು ನಾನು," ಅಂದೆ.

"ಅಕ್ಕ, ಸುಮ್ನಿರು," ಅಂದ ಷಡಕ್ಷರಿ.

ನನ್ನ ಗಂಡ ನನ್ನನ್ನೇ ನೋಡಿದರು. "ನಿಂಗೆ ಬರ್ತದಾ ಅದು?"

"ಇಳ್ಸೋದು ಬರ್ತದೆ. ಏರ್ಸೋದು ನಂಗೆ ಬೇಡ. ಅವನು ಏರ್ಸಿದ್ರೆ ಮತ್ತೆ ಇಳಿಸ್ತೀನಿ. ಬೈಯೋದಿದ್ರೆ ಈಗ್ಲೇ ಬೈದುಬುಡಿ, ಇಲ್ಲೇ ಅವನೆದುರಿಗೇ ಬೈದುಬುಡಿ. ಮನೆಗೆ ತರಬೇಡಿ."

ನನ್ನ ಗಂಡ ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ಕೊನೆಗೆ ಷಡಕ್ಷರಿಯ ತಲೆಯ ಪಟ್ಟಿಯನ್ನು ನೋಡಿದರು. ಗಲ್ಲಾದ ಹತ್ತಿರ ಹೋಗಿ ಕೂತು, ಸುಮ್ಮನೆ ಡ್ರಾಯರು ಎಳೆದು ಮುಚ್ಚಿದರು.

"ಇನ್ನೂ ಯಾಕ್ ಕೂತಿದೀಯ? ಬಸ್ಸು ಹೋಗ್ಬುಡ್ತದೆ, ಹೊರಡು," ಅಂದರು, ಅವನ ಕಡೆ ನೋಡದೆ.

ಅವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ರಾತ್ರಿ ಮಾನಸಾಳ ಫೋನು ಬಂತು. ಕಂಡಕ್ಟರ್ ಕೂಗಿದರೂ ಎಚ್ಚರವಾಗದೆ ಗುಬ್ಬಿ ದಾಟಿ ನಿಟ್ಟೂರಿನವರೆಗೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ವಾಪಸ್ ಬಂದನಂತೆ. ಬೈಯಬೇಕು ಅಂತ ಬಾಗಿಲಲ್ಲೇ ಕಾದು ನಿಂತಿದ್ದಳಂತೆ ಅವಳು.

"ಬೈದ್ಯಾ?" ಅಂದೆ.

"ಎಲ್ಲಿ ಅತ್ತಿಗೆ. ತಟ್ಟೆ ಹಾಕೋಷ್ಟ್ರಲ್ಲಿ ಅತ್ತೆ ತೊಡೆ ಮೇಲೆ ತಲೆ ಇಟ್ಟು ಮಲಗಿಬುಟ್ಟವ್ರೆ. ಎಬ್ಬಿಸ್ಬೇಡ ಅಂತ ಅತ್ತೆ ಸನ್ನೆ ಮಾಡ್ತವ್ರೆ," ಅಂದಳು, ಪಿಸುಮಾತಿನಲ್ಲಿ. ನಾನೂ ಪಿಸುಮಾತಿನಲ್ಲೇ, ಎಬ್ಬಿಸಬೇಡ ಅಂದೆ.